ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಒಂಟಿ ಪರಮಾಣುವಿನ ಚಿತ್ರವೂ ಎಲೆಕ್ಟ್ರಾನ್‌ಗಳ ಏಟೂ

ಬೂದು ಹಿನ್ನೆಲೆಯ ಮೇಲೆ ಚೆಲ್ಲಿದ ಅಕ್ಕಿಕಾಳಿನಂತೆ ಬಿಳಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಪ್ಲಾಟಿನಂನ ಒಂದೊಂದು ಪರಮಾಣು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ ಈ ಚಿತ್ರ ಮೂಡಿದ ಕೆಲವೇ ಸೆಕೆಂಡುಗಳಲ್ಲಿ ಅದೇ ಜಾಗದ ಎರಡನೆಯ ಚಿತ್ರ ಬರುತ್ತದೆ. ಮೊದಲು ದೂರದೂರ ಇದ್ದ ಎರಡು ಚುಕ್ಕೆಗಳು ಈಗ ಒತ್ತಿಕೊಂಡು ಕೂತಿವೆ, ಇನ್ನೊಂದು ಕಾಣೆಯಾಗಿದೆ. ಮೂರನೆಯ ಚಿತ್ರದ ಹೊತ್ತಿಗೆ ಐದಾರು ಪರಮಾಣುಗಳ ಗುಂಪೇ ಕಟ್ಟಿದೆ. ಇವು ತಾವಾಗಿ ಸರಿದವೋ, ನಾವು ನೋಡಿದ್ದರಿಂದ ಸರಿದವೋ? ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ: ಮೊದಲ ಚಿತ್ರವಾದರೂ ಏಟು ತಿನ್ನದ ವಸ್ತುವಿನದೇ?

ಒಂಟಿ ಪರಮಾಣು ಕ್ರಿಯಾವರ್ಧಕಗಳ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಬದಿಗೆ ಸರಿಸಲಾಗದು. ಲೋಹ ನಿಜಕ್ಕೂ ಒಂಟಿ ಪರಮಾಣುಗಳಾಗಿ ಹರಡಿದೆ ಎಂಬುದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೇ ಮುಖ್ಯ ಸಾಕ್ಷಿ. ಆ ಸಾಕ್ಷಿಯನ್ನು ಪಡೆಯುವ ಕೆಲಸವೇ ಅದನ್ನು ಕೆಡಿಸುವುದಾದರೆ ವಾದವೇ ಕುಸಿಯುತ್ತದೆ. ಹಾನಿ ಹೇಗಾಗುತ್ತದೆ, ಅದನ್ನು ತಗ್ಗಿಸಲು ಇರುವ ದಾರಿಗಳು ಯಾವುವು, ಯಾವ ದಾರಿ ಎಲ್ಲಿಯವರೆಗೆ ಕರೆದೊಯ್ಯುತ್ತದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಒಂಟಿ ಪರಮಾಣುವೇ ಏಕೆ?

ಪ್ಲಾಟಿನಂ, ರೋಡಿಯಂನಂಥ ದುಬಾರಿ ಲೋಹಗಳನ್ನು ಕ್ರಿಯಾವರ್ಧಕವಾಗಿ ಬಳಸುವಾಗ ಕೆಲಸ ಮಾಡುವುದು ಕಣದ ಮೇಲ್ಮೈಯಲ್ಲಿರುವ ಪರಮಾಣುಗಳು ಮಾತ್ರ. ಒಳಗೆ ಹುದುಗಿದವು ಸುಮ್ಮನೆ ಕೂತಿರುತ್ತವೆ. ಪ್ರತಿ ಪರಮಾಣುವನ್ನೂ ಬಿಡಿಬಿಡಿಯಾಗಿ ಒಂದು ಆಸರೆಯ ಮೇಲೆ ನೆಟ್ಟುಬಿಟ್ಟರೆ ಯಾವುದೂ ವ್ಯರ್ಥವಾಗದು. 2011ರಲ್ಲಿ ಚೀನಾದ ದಾಲಿಯನ್ ರಾಸಾಯನಿಕ ಭೌತಶಾಸ್ತ್ರ ಸಂಸ್ಥೆಯ ಟಾವೊ ಜಾಂಗ್ ಅವರು ಜುನ್ ಲಿ, ಜಿಂಗ್ಯೂ ಲಿಯು ಮೊದಲಾದವರ ಜೊತೆಗೂಡಿ ಕಬ್ಬಿಣದ ಆಕ್ಸೈಡ್ ಮೇಲೆ ಪ್ಲಾಟಿನಂ ಪರಮಾಣುಗಳನ್ನು ಹೀಗೆ ನೆಟ್ಟು, ಕಾರ್ಬನ್ ಮೊನಾಕ್ಸೈಡ್‌ನ ಉತ್ಕರ್ಷಣೆಯಲ್ಲಿ ಅವು ಚೆನ್ನಾಗಿ ದುಡಿಯುತ್ತವೆಂದು ‘ನೇಚರ್ ಕೆಮಿಸ್ಟ್ರಿ’ಯಲ್ಲಿ ತೋರಿಸಿದರು. ‘ಒಂಟಿ ಪರಮಾಣು ಕ್ರಿಯಾವರ್ಧನೆ’ ಎಂಬ ಹೆಸರು ಅಲ್ಲಿಂದ ನೆಲೆಯೂರಿತು.

ಪರಮಾಣುವನ್ನು ನೋಡುವ ಕಲೆ ಅದಕ್ಕಿಂತ ಹಳೆಯದು. ಷಿಕಾಗೋ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ರೂ ಮತ್ತು ಸಂಗಡಿಗರು 1970ರಲ್ಲಿ ತೆಳು ಕಾರ್ಬನ್ ಪೊರೆಯ ಮೇಲಿನ ಯುರೇನಿಯಂ, ಥೋರಿಯಂ ಪರಮಾಣುಗಳನ್ನು ಬಿಡಿಯಾಗಿ ಕಂಡರು. 1996ರಲ್ಲಿ ಪೀಟರ್ ನೆಲಿಸ್ಟ್ ಮತ್ತು ಸ್ಟೀಫನ್ ಪೆನಿಕುಕ್ ಅಲ್ಯೂಮಿನಾ ಮೇಲಿನ ಪ್ಲಾಟಿನಂ, ರೋಡಿಯಂ ಪರಮಾಣುಗಳ ಚಿತ್ರ ತೆಗೆದರು. ಮಸೂರದ ದೋಷವನ್ನು ತಿದ್ದುವ ಸಾಧನಗಳು 1990ರ ದಶಕದ ಕೊನೆಯಿಂದ ಕೈಗೆ ಸಿಕ್ಕ ಮೇಲೆ ಒಂದು ಆಂಗ್‌ಸ್ಟ್ರಾಂಗಿಂತಲೂ ಸಣ್ಣ ಎಲೆಕ್ಟ್ರಾನ್ ಮೊನೆ ಸಾಧ್ಯವಾಯಿತು. ಮೊನೆ ಚೂಪಾದಷ್ಟೂ ಚಿತ್ರ ಸ್ಪಷ್ಟ. ಜೊತೆಗೇ ಅಷ್ಟೂ ಎಲೆಕ್ಟ್ರಾನ್‌ಗಳು ಅಷ್ಟೇ ಕಿರಿದಾದ ಜಾಗದ ಮೇಲೆ ಸುರಿಯತೊಡಗಿದವು. ಸಾಮರ್ಥ್ಯವೂ ಸಮಸ್ಯೆಯೂ ಒಟ್ಟಿಗೇ ಬೆಳೆದವು.

ಏಟು ಬೀಳುವುದು ಯಾರಿಗೆ?

ಎಲೆಕ್ಟ್ರಾನ್ ಕಿರಣ ವಸ್ತುವನ್ನು ಕೆಡಿಸುವ ಮುಖ್ಯ ದಾರಿಗಳು ಎರಡು. ಮೊದಲನೆಯದು ನೇರ ಡಿಕ್ಕಿ. ವೇಗದ ಎಲೆಕ್ಟ್ರಾನ್ ಪರಮಾಣುವಿನ ಬೀಜಕ್ಕೆ ಬಡಿದು ಅದನ್ನು ಇದ್ದಲ್ಲಿಂದ ಎಬ್ಬಿಸುತ್ತದೆ. ಎರಡನೆಯದು ಅಯಾನೀಕರಣ. ಎಲೆಕ್ಟ್ರಾನ್ ವಸ್ತುವಿನ ಎಲೆಕ್ಟ್ರಾನ್‌ಗಳನ್ನು ಕೆದಕಿ ಬಂಧವನ್ನು ಮುರಿಯುತ್ತದೆ; ಇದನ್ನು ರೇಡಿಯೊಲಿಸಿಸ್ ಎನ್ನುತ್ತಾರೆ. ಬಿಸಿಯಾಗುವುದು, ವಿದ್ಯುದಂಶ ಶೇಖರವಾಗುವುದು, ಕೊಳಕು ಹೈಡ್ರೋಕಾರ್ಬನ್ ಅಂಟಿಕೊಳ್ಳುವುದು ಇವೆಲ್ಲ ಅವುಗಳ ಜೊತೆಗೆ ಬರುವ ತೊಂದರೆಗಳು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ರೇ ಎಗರ್ಟನ್ ಅವರು ಈ ದಾರಿಗಳನ್ನು ಬಿಡಿಸಿ ಅಳೆದು ತೋರಿಸಿದ ಕೆಲಸ ಇಂದಿಗೂ ಈ ಕ್ಷೇತ್ರದ ಅಡಿಪಾಯ.

ಡಿಕ್ಕಿಯ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಒಂದು ಎಲೆಕ್ಟ್ರಾನ್ ದಾಟಿಸಬಲ್ಲ ಗರಿಷ್ಠ ಶಕ್ತಿ ಏಟು ತಿನ್ನುವ ಪರಮಾಣುವಿನ ತೂಕಕ್ಕೆ ವಿಲೋಮ. 200 ಕಿಲೋವೋಲ್ಟ್‌ನ ಎಲೆಕ್ಟ್ರಾನ್ ಒಂದು ಕಾರ್ಬನ್ ಪರಮಾಣುವಿಗೆ ಹೆಚ್ಚೆಂದರೆ ಸುಮಾರು 44 ಎಲೆಕ್ಟ್ರಾನ್‌ವೋಲ್ಟ್ ಕೊಡಬಲ್ಲದು. ಅದೇ ಎಲೆಕ್ಟ್ರಾನ್ ಪ್ಲಾಟಿನಂಗೆ ಕೊಡಬಲ್ಲದ್ದು 2.7 ಮಾತ್ರ. ಗ್ರಾಫೀನ್ ಹಾಳೆಯ ನಡುವಿನಿಂದ ಒಂದು ಕಾರ್ಬನ್ ಅನ್ನು ಕಿತ್ತೊಗೆಯಲು 21-22 ಎಲೆಕ್ಟ್ರಾನ್‌ವೋಲ್ಟ್ ಬೇಕು. ಅಂದರೆ ನಾವು ನೋಡಲೆಂದು ಹೋದ ಭಾರದ ಪರಮಾಣು ಒಂದೇಟಿಗೆ ಹಾರಿಹೋಗುವುದಿಲ್ಲ. ಹಾರಿಹೋಗುವುದು ಅದನ್ನು ಹಿಡಿದುಕೊಂಡಿರುವ ಹಗುರ ನೆರೆಯವರು: ಕಾರ್ಬನ್, ನೈಟ್ರೋಜನ್, ಆಕ್ಸಿಜನ್. ಗೂಟ ಕಿತ್ತುಹೋದ ಮೇಲೆ ಕಟ್ಟಿದ ದನ ನಿಂತಲ್ಲಿ ನಿಲ್ಲುವುದಿಲ್ಲ. ಮೇಲ್ಮೈಯಲ್ಲಿ ಹೆಜ್ಜೆಯಿಡಲು ಪ್ಲಾಟಿನಂಗೆ ಬೇಕಾದ ಶಕ್ತಿ ಹಲವೊಮ್ಮೆ ಒಂದೆರಡು ಎಲೆಕ್ಟ್ರಾನ್‌ವೋಲ್ಟ್‌ಗಿಂತಲೂ ಕಡಿಮೆ, ಆ 2.7 ಅದಕ್ಕೆ ಧಾರಾಳ ಸಾಕು.

ಇದಕ್ಕೆ ಒಳ್ಳೆಯ ನಿದರ್ಶನ ಗ್ರಾಫೀನ್‌ನಲ್ಲಿ ಸೇರಿಕೊಂಡ ಸಿಲಿಕಾನ್ ಪರಮಾಣು. 60 ಕಿಲೋವೋಲ್ಟ್‌ನಲ್ಲಿ ನೋಡುವಾಗ ಸಿಲಿಕಾನ್ ಒಂದು ಮನೆಯಿಂದ ಪಕ್ಕದ ಮನೆಗೆ ಜಿಗಿಯುತ್ತದೆ. ವಿಯೆನ್ನಾ ವಿಶ್ವವಿದ್ಯಾಲಯದ ಟೋಮಾ ಸೂಸಿ ಮತ್ತು ಸಂಗಡಿಗರು 2014ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿದರು: ಏಟು ಬೀಳುವುದು ಸಿಲಿಕಾನ್‌ಗಲ್ಲ, ಅದರ ನೆರೆಯ ಕಾರ್ಬನ್‌ಗೆ. ಆ ಕಾರ್ಬನ್ ಮೇಲೆದ್ದು ಮರಳಿ ಬೀಳುವಷ್ಟರಲ್ಲಿ ಸಿಲಿಕಾನ್ ಅದರ ಜಾಗಕ್ಕೆ ಬಂದು ಕೂತಿರುತ್ತದೆ. ಮುಂದೆ ಈ ತಿಳಿವನ್ನೇ ಹಿಡಿದು, ಕಿರಣವನ್ನು ಬೇಕಾದ ಕಾರ್ಬನ್ ಮೇಲೆ ನಿಲ್ಲಿಸಿ ಸಿಲಿಕಾನ್ ಅನ್ನು ಬೇಕಾದತ್ತ ನಡೆಸುವುದೂ ಸಾಧ್ಯವಾಯಿತು.

ಕ್ರಿಯಾವರ್ಧಕದಲ್ಲಿ ಸ್ಥಿತಿ ಇನ್ನೂ ನಾಜೂಕು. ಒಂಟಿ ಪರಮಾಣು ನೆಲೆ ಕಂಡುಕೊಳ್ಳುವುದೇ ಹಾಳೆಯ ಅಂಚಿನಲ್ಲಿ, ತೂತಿನಲ್ಲಿ, ನೈಟ್ರೋಜನ್ ಸೇರಿದ ಕಡೆ. ಅಂಥ ಜಾಗಗಳಲ್ಲಿ ಬಂಧಗಳು ನಡುಹಾಳೆಯಷ್ಟು ಗಟ್ಟಿಯಲ್ಲ. ಆಸರೆ ಸಿರಿಯಂ ಆಕ್ಸೈಡ್ ಆದರೆ ಕಿರಣ ಆಕ್ಸಿಜನ್ ಅನ್ನು ಹೊರಗಟ್ಟಿ ಸಿರಿಯಂನ ಉತ್ಕರ್ಷಣ ಸ್ಥಿತಿಯನ್ನೇ 4ರಿಂದ 3ಕ್ಕೆ ಇಳಿಸುತ್ತದೆ. ಪ್ಲಾಟಿನಂ ಕಚ್ಚಿಕೊಂಡಿದ್ದುದು ಆ ಆಕ್ಸಿಜನ್ ಅನ್ನೇ. ಜಿಯೋಲೈಟ್ ಆದರೆ ಅದರ ಸೊಗಸಾದ ರಂಧ್ರಜಾಲ ಕರಗಿ ಆಕಾರವಿಲ್ಲದ ಗಾಜಾಗುತ್ತದೆ. ಒಂದೊಂದು ಪರಮಾಣುವನ್ನೂ ಅದರ ನೆಲೆಯಲ್ಲಿ ನಿಲ್ಲಿಸಲು ರಸಾಯನಶಾಸ್ತ್ರಜ್ಞರು ತಿಂಗಳುಗಟ್ಟಲೆ ಪಾಡುಪಟ್ಟಿರುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಡೋಸ್ ಎಂಬ ಜಮಾಖರ್ಚು

ಚದರ ಆಂಗ್‌ಸ್ಟ್ರಾಂ ಒಂದರ ಮೇಲೆ ಎಷ್ಟು ಎಲೆಕ್ಟ್ರಾನ್ ಬಿದ್ದವು ಎಂಬುದೇ ಡೋಸ್. 20 ಪಿಕೋಆಂಪಿಯರ್ ಕಿರಣ ಸೆಕೆಂಡಿಗೆ ಸುಮಾರು 12.5 ಕೋಟಿ ಎಲೆಕ್ಟ್ರಾನ್‌ಗಳನ್ನು ತರುತ್ತದೆ. ಅದರಿಂದ ಬದಿಗೆ 10 ನ್ಯಾನೋಮೀಟರ್‌ನ ಚೌಕವೊಂದನ್ನು 10 ಸೆಕೆಂಡು ಗುಡಿಸಿದರೆ ಚದರ ಆಂಗ್‌ಸ್ಟ್ರಾಂಗೆ 1.25 ಲಕ್ಷ ಎಲೆಕ್ಟ್ರಾನ್‌ಗಳ ಮಳೆ. ಹೋಲಿಕೆಗೆ, 2017ರ ರಸಾಯನಶಾಸ್ತ್ರ ನೊಬೆಲ್ ತಂದ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಲ್ಲಿ ಪ್ರೋಟೀನ್‌ಗೆ ಕೊಡುವ ಡೋಸ್ ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟೇ. ವರ್ಧನೆಯನ್ನು ಎರಡು ಪಟ್ಟು ಮಾಡಿದರೆ ಅದೇ ಎಲೆಕ್ಟ್ರಾನ್‌ಗಳು ಕಾಲುಭಾಗ ಜಾಗದಲ್ಲಿ ಬಿದ್ದು ಡೋಸ್ ನಾಲ್ಕು ಪಟ್ಟಾಗುತ್ತದೆ. ಸ್ವಲ್ಪ ಹತ್ತಿರದಿಂದ ನೋಡೋಣ ಎಂಬ ಸಹಜ ಆಸೆಗೆ ತೆರುವ ಬೆಲೆ ಇದು.

ಹಾಗಾದರೆ ಎಷ್ಟು ಎಲೆಕ್ಟ್ರಾನ್ ಸಾಕು? ಚುಕ್ಕೆಯೊಂದನ್ನು ನಂಬಿ ಗುರುತಿಸಬೇಕಾದರೆ ಅದರ ಸಂಕೇತ ಗದ್ದಲಕ್ಕಿಂತ ಸುಮಾರು 5 ಪಟ್ಟಾದರೂ ಇರಬೇಕೆಂದು ಆಲ್ಬರ್ಟ್ ರೋಸ್ 1940ರ ದಶಕದಲ್ಲಿ ಹೇಳಿದ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚುಕ್ಕೆ ಹಿನ್ನೆಲೆಗಿಂತ ಎಷ್ಟು ಬೇರೆಯಾಗಿ ಹೊಳೆಯುತ್ತದೆಯೋ ಅಷ್ಟು ಕಡಿಮೆ ಡೋಸ್ ಸಾಕು. ವ್ಯತ್ಯಾಸ ಅರ್ಧವಾದರೆ ಡೋಸ್ ನಾಲ್ಕು ಪಟ್ಟು ಬೇಕು. ದೊಡ್ಡ ಕೋನಕ್ಕೆ ಚದುರಿದ ಎಲೆಕ್ಟ್ರಾನ್‌ಗಳನ್ನು ಉಂಗುರದಂಥ ಶೋಧಕದಲ್ಲಿ ಹಿಡಿಯುವ ವಿಧಾನದಲ್ಲಿ ಹೊಳಪು ಪರಮಾಣು ಸಂಖ್ಯೆಯ ಸುಮಾರು 1.7ನೇ ಘಾತದಂತೆ ಏರುತ್ತದೆ. ಆ ಲೆಕ್ಕದಲ್ಲಿ ಒಂದು ಪ್ಲಾಟಿನಂ ಒಂದು ಕಾರ್ಬನ್‌ಗಿಂತ ಎಂಬತ್ತು ಪಟ್ಟಿನ ಹತ್ತಿರ ಹೊಳೆಯುತ್ತದೆ. ಕಬ್ಬಿಣ ಹನ್ನೆರಡು ಪಟ್ಟು ಮಾತ್ರ. ಸಿರಿಯಂ ಪಕ್ಕದಲ್ಲಿ ನಿಂತ ಪ್ಲಾಟಿನಂಗೆ ಎರಡು ಪಟ್ಟೂ ಸಿಗದು. ಆದ್ದರಿಂದ ಕಾರ್ಬನ್ ಮೇಲಿನ ಪ್ಲಾಟಿನಂಗೆ ಒಪ್ಪುವ ಡೋಸ್ ಸಿರಿಯಂ ಆಕ್ಸೈಡ್ ಮೇಲಿನದಕ್ಕೆ ಸಾಲದು. ಎಲ್ಲ ಮಾದರಿಗಳಿಗೂ ಹೊಂದುವ ಒಂದೇ ಸೂತ್ರ ಯಾಕಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ಚುಕ್ಕೆ ಯಾವ ಧಾತು, ಅದರ ನೆರೆಯಲ್ಲಿ ಯಾರಿದ್ದಾರೆ ಎಂದು ಕೇಳುವವರು ಎಲೆಕ್ಟ್ರಾನ್‌ಗಳು ಕಳೆದುಕೊಂಡ ಶಕ್ತಿಯ ರೋಹಿತ ಪಡೆಯಬೇಕು. ಅದಕ್ಕೆ ಡೋಸ್ ಬಹಳ ಹೆಚ್ಚು ಬೇಕು, ಏಕೆಂದರೆ ಎಲೆಕ್ಟ್ರಾನ್ ಹಾಗೆ ಶಕ್ತಿ ಕಳೆದುಕೊಳ್ಳುವುದೇ ಅಪರೂಪಕ್ಕೆ. 2017ರಲ್ಲಿ ಲಾಸ್ ಅಲಾಮೋಸ್ ಮತ್ತು ಓಕ್ ರಿಡ್ಜ್ ಪ್ರಯೋಗಾಲಯಗಳ ಸಂಶೋಧಕರು ಇಂಧನಕೋಶಕ್ಕೆಂದು ಮಾಡಿದ ವಸ್ತುವಿನಲ್ಲಿ ಕಬ್ಬಿಣದ ಪರಮಾಣುವಿನ ಬಳಿಯಲ್ಲೇ ನೈಟ್ರೋಜನ್‌ನ ಗುರುತನ್ನೂ ಪಡೆದದ್ದು ಆ ಕಾರಣಕ್ಕೇ ದೊಡ್ಡ ಸಾಧನೆ.

ಏಟು ತಗ್ಗಿಸುವ ದಾರಿಗಳು

ಮೊದಲ ದಾರಿ ವೋಲ್ಟೇಜ್ ಇಳಿಸುವುದು. 60 ಕಿಲೋವೋಲ್ಟ್‌ನಲ್ಲಿ ಕಾರ್ಬನ್‌ಗೆ ದಾಟುವ ಗರಿಷ್ಠ ಶಕ್ತಿ 11.6 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. 80ರಲ್ಲಿ ಅದು 16ರ ಹತ್ತಿರ. ಪರಮಾಣುಗಳ ಸ್ವಂತ ಕಂಪನ ಅದಕ್ಕೆ ಕೂಡಿಕೊಂಡು ಕೆಲವೊಮ್ಮೆ ಹೊಸ್ತಿಲು ದಾಟಿಸುತ್ತದೆ. ಹೀಗಾಗಿ ಕಾರ್ಬನ್ ಆಸರೆಗಳಿಗೆ 60 ಒಳ್ಳೆಯ ಆಯ್ಕೆ. ಆದರೆ ಕಡಿಮೆ ವೋಲ್ಟೇಜ್ ಎಲ್ಲ ಕಡೆಯೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ನಿಧಾನದ ಎಲೆಕ್ಟ್ರಾನ್ ವಸ್ತುವಿನೊಳಗೆ ಹೆಚ್ಚು ಅಯಾನೀಕರಣ ಮಾಡುತ್ತದೆ. 300 ಕಿಲೋವೋಲ್ಟ್‌ಗಿಂತ 60ರಲ್ಲಿ ಅದು ಸುಮಾರು 3 ಪಟ್ಟು. ತೆಳು ಮಾದರಿಯಲ್ಲಿ ಸಂಕೇತವೂ ಅದೇ ರೀತಿ ಏರುವುದರಿಂದ ನಷ್ಟ ಬಹುಮಟ್ಟಿಗೆ ಸರಿದೂಗುತ್ತದೆ. ದಪ್ಪ ಮಾದರಿಯಲ್ಲಿ ಹಾಗಾಗದು. ವಿದ್ಯುತ್ ಹರಿಯುವ ಕಾರ್ಬನ್‌ಗೆ ಡಿಕ್ಕಿಯೇ ಶತ್ರು, ಅಲ್ಲಿ ವೋಲ್ಟೇಜ್ ಇಳಿಸಬೇಕು. ಜಿಯೋಲೈಟ್‌ನಂಥ ನಿರೋಧಕಕ್ಕೆ ಅಯಾನೀಕರಣವೇ ಶತ್ರು, ಅಲ್ಲಿ 200 ಅಥವಾ 300ರಲ್ಲೇ ಉಳಿದು ಡೋಸ್ ಇಳಿಸಬೇಕು. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಬಾರದು.

ಎರಡನೆಯದು, ಇರುವ ಎಲೆಕ್ಟ್ರಾನ್‌ಗಳನ್ನು ಜಾಣತನದಿಂದ ಖರ್ಚು ಮಾಡುವುದು. ಇದರ ಮೊದಲ ಪಾಠ ಸರಳ: ಫೋಕಸ್ ಮಾಡುತ್ತಾ ನಿಮಿಷಗಟ್ಟಲೆ ದಿಟ್ಟಿಸಿದ ಜಾಗದ ಚಿತ್ರ ತೆಗೆಯಬೇಡಿ. ಪಕ್ಕದ ಜಾಗದಲ್ಲಿ ಹೊಂದಿಸಿ, ಕಿರಣ ಮುಚ್ಚಿ, ಹೊಸ ಜಾಗಕ್ಕೆ ಸರಿದು, ಮೊದಲ ಬೆಳಕಲ್ಲೇ ದಾಖಲಿಸಿ. ಒಂದೇ ನಿಧಾನ ಗುಡಿತದ ಬದಲು ಹತ್ತಾರು ವೇಗದ ಚೌಕಟ್ಟುಗಳನ್ನು ತೆಗೆದು, ಜರುಗುವಿಕೆಯನ್ನು ಸರಿಪಡಿಸಿ ಒಟ್ಟುಗೂಡಿಸುವುದು ಈಗ ರೂಢಿ. ಒಟ್ಟು ಡೋಸ್ ಅಷ್ಟೇ ಆದರೂ, ಹಾನಿ ಯಾವ ಚೌಕಟ್ಟಿನಲ್ಲಿ ಶುರುವಾಯಿತೆಂಬುದು ಇದರಿಂದ ತಿಳಿಯುತ್ತದೆ, ಅಲ್ಲಿಂದ ಮುಂದಿನದನ್ನು ಬಿಡಬಹುದು. 2010ರಲ್ಲಿ ಒರ್ತಲಾನ್, ಗೇಟ್ಸ್, ಬ್ರೌನಿಂಗ್ ಮೊದಲಾದವರು ಜಿಯೋಲೈಟ್ ರಂಧ್ರದೊಳಗಿನ ಇರಿಡಿಯಂ ಪರಮಾಣುಗಳನ್ನು ಕಂಡದ್ದು ಕಡಿಮೆ ಡೋಸ್ ಮತ್ತು ಚಿತ್ರಸಂಸ್ಕರಣೆಗಳ ಇಂಥ ಕೂಟದಿಂದಲೇ.

ಕಿರಣ ನಡೆಯುವ ದಾರಿಯೂ ಮುಖ್ಯ. ಸಾಲಾಗಿ ಉಳುತ್ತಾ ಹೋದರೆ ಒಂದು ಬಿಂದುವಿನ ಕಲಕಾಟ ಆರುವ ಮೊದಲೇ ಪಕ್ಕದ ಬಿಂದುವಿಗೆ ಏಟು ಬೀಳುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಗುಂಪು ಬಿಂದುಗಳನ್ನು ಬಿಟ್ಟುಬಿಟ್ಟು ಮುಟ್ಟುವ ಕ್ರಮದಲ್ಲಿ ಜಿಯೋಲೈಟ್‌ಗೆ ಹಾನಿ ತಗ್ಗುವುದನ್ನು ತೋರಿಸಿತು. ಅದೇ ಡೋಸ್, ಅದೇ ವಸ್ತು, ಬೇರೆ ಫಲ. ಡೋಸ್ ಎಷ್ಟೆಂಬುದಷ್ಟೇ ಅಲ್ಲ, ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಕೆಲವೇ ಬಿಂದುಗಳನ್ನು ಅಲ್ಲಲ್ಲಿ ಮುಟ್ಟಿ ಉಳಿದದ್ದನ್ನು ಗಣಿತದಿಂದ ತುಂಬುವ ಪ್ರಯತ್ನಗಳೂ ಇವೆ. ಒಂಟಿ ಪರಮಾಣುವಿನ ವಿಷಯದಲ್ಲಿ ನನಗೆ ಅದರ ಮೇಲೆ ಪೂರ್ತಿ ಭರವಸೆಯಿಲ್ಲ. ಮರುಕಳಿಸುವ ವಿನ್ಯಾಸವನ್ನು ಗಣಿತ ಊಹಿಸಬಲ್ಲದು. ಎಲ್ಲೋ ಒಂದು ಕಡೆ ನಿಂತ ಒಂಟಿ ಪರಮಾಣು ಮುಟ್ಟದ ಬಿಂದುವಿನಲ್ಲೇ ಇದ್ದರೆ ಅದನ್ನು ಯಾವ ಗಣಿತ ತಂದುಕೊಡಬಲ್ಲದು?

ಮೂರನೆಯದು ತಂಪು. ದ್ರವ ಸಾರಜನಕದಿಂದ ಮಾದರಿಯನ್ನು ಮೈನಸ್ 170 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಮುರಿದ ಬಂಧದ ತುಣುಕುಗಳು ಓಡಾಡುವುದು ತಗ್ಗುತ್ತದೆ, ಪರಮಾಣುಗಳ ಅಲೆದಾಟ ನಿಧಾನವಾಗುತ್ತದೆ, ಮೇಲ್ಮೈಯಲ್ಲಿ ಹರಿದುಬರುವ ಕೊಳೆಯೂ ಕಡಿಮೆ. ಆದರೆ ನೇರ ಡಿಕ್ಕಿಗೆ ತಂಪಿನಿಂದ ಹೆಚ್ಚಿನ ರಕ್ಷಣೆ ಸಿಗದು. ಮೇಲಾಗಿ ತಂಪು ಹಿಡಿಕೆಯ ಕಂಪನ, ಜರುಗುವಿಕೆಗಳು ಪರಮಾಣು ಮಟ್ಟದ ಸ್ಪಷ್ಟತೆಯನ್ನು ಕಾಡುತ್ತವೆ.

ನಾಲ್ಕನೆಯದು ಮಾದರಿಯ ಸಿದ್ಧತೆ. ಹೆಚ್ಚಿನವರು ಅವಸರದಲ್ಲಿ ದಾಟಿಬಿಡುವ ಹಂತ ಇದು. ಮಾದರಿ ತೆಳುವಾಗಿ, ಶುಚಿಯಾಗಿದ್ದರೆ ಅರ್ಧ ಕೆಲಸ ಆದಂತೆ. ಹೈಡ್ರೋಕಾರ್ಬನ್ ಕೊಳೆ ಕಿರಣದಡಿ ಗಟ್ಟಿಯಾಗಿ ಚುಕ್ಕೆಗಳನ್ನು ಮಬ್ಬಾಗಿಸುತ್ತದೆ. ಮಬ್ಬು ಕಂಡವರು ಡೋಸ್ ಏರಿಸುತ್ತಾರೆ. ನಿರ್ವಾತದಲ್ಲಿ ಹದವಾಗಿ ಕಾಯಿಸುವುದು ಒಳ್ಳೆಯ ಪರಿಹಾರ. ಪ್ಲಾಸ್ಮಾದಿಂದ ತೊಳೆಯುವುದು ಬೇರೆ ಕಡೆ ವಾಡಿಕೆಯಾದರೂ ಇಲ್ಲಿ ಎಚ್ಚರ ಬೇಕು, ಆಕ್ಸಿಜನ್ ಪ್ಲಾಸ್ಮಾ ಕಾರ್ಬನ್ ಆಸರೆಯನ್ನೇ ತಿನ್ನುತ್ತದೆ. ಅಗಲವಾದ ಕಿರಣವನ್ನು ಮೊದಲೇ ಸುರಿಸಿ ಕೊಳೆಯನ್ನು ಕಟ್ಟಿಹಾಕುವ ಉಪಾಯವೂ ಒಂದು ಡೋಸೇ ಎಂಬುದನ್ನು ಮರೆಯಬಾರದು. ಮಾದರಿಯ ಮೇಲೆ ಗ್ರಾಫೀನ್ ಹೊದಿಕೆ ಹಾಕಿದರೆ ವಿದ್ಯುದಂಶ ಹರಿದುಹೋಗುತ್ತದೆ, ಕಿತ್ತ ಪರಮಾಣು ಹಾರಿಹೋಗಲು ತಡೆ ಸಿಗುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್ ಹಾಳೆಗಳಲ್ಲಿ ಇದು ಚೆನ್ನಾಗಿ ಫಲಿಸಿದೆ. ಹುಡಿರೂಪದ ಕ್ರಿಯಾವರ್ಧಕಗಳ ಉಬ್ಬುತಗ್ಗಿನ ಮೇಲೆ ಅದನ್ನು ಹೊದಿಸುವುದು ಸುಲಭವಲ್ಲ.

ಐದನೆಯದು, ಬಿದ್ದ ಎಲೆಕ್ಟ್ರಾನ್ ಒಂದನ್ನೂ ಪೋಲು ಮಾಡದಿರುವುದು. ಉಂಗುರ ಶೋಧಕ ಹಿಡಿಯುವುದು ದೊಡ್ಡ ಕೋನಕ್ಕೆ ಚದುರಿದ ಕೆಲವನ್ನು ಮಾತ್ರ. ಬಹುಪಾಲು ಎಲೆಕ್ಟ್ರಾನ್‌ಗಳು ಮಾದರಿಗೆ ಏಟು ಕೊಟ್ಟು, ಏನೂ ಹೇಳದೆ ನಡುವಿನ ತೂತಿನಿಂದ ಹೊರಟುಹೋಗುತ್ತವೆ. ಐಡಿಪಿಸಿ ಎಂದು ಕರೆಯುವ ವಿಧಾನ ಅವನ್ನೂ ಲೆಕ್ಕಕ್ಕೆ ತರುವುದರಿಂದ ಆಕ್ಸಿಜನ್‌ನಂಥ ಹಗುರ ಪರಮಾಣುಗಳೂ ಕಡಿಮೆ ಡೋಸ್‌ನಲ್ಲಿ ಕಾಣುತ್ತವೆ. ಪ್ರತಿ ಬಿಂದುವಿನಲ್ಲೂ ಇಡೀ ಚದುರುವಿಕೆಯ ಚಿತ್ರವನ್ನು ಹಿಡಿದು ಗಣಿತದಿಂದ ಮರುಕಟ್ಟುವ ಟೈಕೋಗ್ರಫಿ ಇನ್ನೂ ಒಂದು ಹೆಜ್ಜೆ ಮುಂದೆ; 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 80 ಕಿಲೋವೋಲ್ಟ್‌ನಲ್ಲೇ 0.39 ಆಂಗ್‌ಸ್ಟ್ರಾಂ ಸ್ಪಷ್ಟತೆ ಮುಟ್ಟಿತು. ಭಾರದ ಪರಮಾಣು ಬಿಳಿಯಾಗಿ ಎದ್ದು ಕಾಣುವ ಸರಳತೆ ಮಾತ್ರ ಉಂಗುರ ಶೋಧಕದ್ದೇ. ಎರಡನ್ನೂ ಜೊತೆಗಿಟ್ಟುಕೊಳ್ಳುವುದೇ ಸರಿ: ಲೋಹವನ್ನು ಒಂದರಿಂದ ಗುರುತಿಸಿ, ಅದರ ನೆರೆಯನ್ನು ಇನ್ನೊಂದರಿಂದ ಓದುವುದು.

ಕೊನೆಯದು ಯಂತ್ರಕಲಿಕೆ. ಜ್ಯೂರಿಕ್‌ನ ಇಟಿಎಚ್‌ನ ಸಂಶೋಧಕರು ಒಂಟಿ ಪರಮಾಣುಗಳನ್ನು ತಾನಾಗಿ ಎಣಿಸುವ ವಿಧಾನವನ್ನು 2022ರಲ್ಲಿ ಮಂಡಿಸಿದರು. ಸಾವಿರಾರು ಚುಕ್ಕೆಗಳನ್ನು ಬೇಸರವಿಲ್ಲದೆ, ಒಂದೇ ಅಳತೆಗೋಲಿನಿಂದ ಎಣಿಸುವುದು ದೊಡ್ಡ ಲಾಭ. ಗದ್ದಲ ಅಳಿಸುವ ತಂತ್ರಾಂಶದ ಮಾತು ಬೇರೆ. ಅದಕ್ಕೆ ಪರಮಾಣು ಹೇಗಿರಬೇಕೆಂದು ಮೊದಲೇ ಕಲಿಸಿರುತ್ತೇವೆ. ಗದ್ದಲದ ಗುಡ್ಡೆಯಲ್ಲೂ ಅದು ಪರಮಾಣುವನ್ನು ಕಾಣಬಹುದು. ಸಂಸ್ಕರಿಸದ ಮೂಲಚಿತ್ರವನ್ನು ಪಕ್ಕದಲ್ಲಿಡದೆ ಶುಚಿಗೊಳಿಸಿದ ಚಿತ್ರವನ್ನು ಮಾತ್ರ ಪ್ರಕಟಿಸುವುದನ್ನು ಒಪ್ಪಲಾಗದು.

ಒಂದು ಚಿತ್ರದ ಸಾಕ್ಷಿ ಸಾಲದು

ಎಷ್ಟೇ ಎಚ್ಚರ ವಹಿಸಿದರೂ ಚಿತ್ರ ಕಾಣಿಸುವುದು ಅತಿ ಸಣ್ಣ ಪಾಲು. ನೂರಕ್ಕೆ ಒಂದು ಪಾಲು ಪ್ಲಾಟಿನಂ ಇರುವ ಒಂದು ಗ್ರಾಂ ಹುಡಿಯಲ್ಲಿ ಪ್ಲಾಟಿನಂ ಪರಮಾಣುಗಳ ಸಂಖ್ಯೆ ಸುಮಾರು 3ರ ಮುಂದೆ 19 ಸೊನ್ನೆ. ಒಂದು ಚಿತ್ರದಲ್ಲಿ ಕಾಣುವವು ನೂರು, ಇನ್ನೂರು. ಆದ್ದರಿಂದ ಇಡೀ ಹುಡಿಯ ಸರಾಸರಿ ಹೇಳುವ ಸಾಕ್ಷಿ ಬೇಕೇಬೇಕು. ಎಕ್ಸ್-ರೇ ಹೀರಿಕೆಯ ರೋಹಿತದಲ್ಲಿ ಲೋಹ-ಲೋಹ ಬಂಧದ ಗುರುತಿಲ್ಲದಿರುವುದು ಅಂಥ ಒಂದು ಸಾಕ್ಷಿ; ನಮ್ಮಲ್ಲಿ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಈ ಅಳತೆ ಮಾಡಬಹುದು. ಕಾರ್ಬನ್ ಮೊನಾಕ್ಸೈಡ್ ಅಂಟಿಸಿ ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ ಎರಡು ಪರಮಾಣುಗಳ ನಡುವೆ ಸೇತುವೆಯಾಗಿ ಕೂತ ಅಣುವಿನ ಪಟ್ಟಿ ಇಲ್ಲದಿರುವುದು ಇನ್ನೊಂದು. ಸರಾಸರಿ ಅಳತೆಗೂ ಕುರುಡು ಜಾಗವಿದೆ, ಕೆಲವೇ ಗುಂಪುಗಳು ಅದರ ಕಣ್ಣು ತಪ್ಪಿಸಬಹುದು. ಅಂಥಲ್ಲಿ ಚಿತ್ರವೇ ನೆರವಾಗುತ್ತದೆ.

ಚಿತ್ರವನ್ನು ಚಿತ್ರದಿಂದಲೇ ಪರೀಕ್ಷಿಸುವ ಉಪಾಯವೂ ಇದೆ: ಡೋಸ್ ಸರಣಿ. ಒಂದೇ ಜಾಗದಲ್ಲಿ ಡೋಸ್ ಏರಿಸುತ್ತಾ ಚೌಕಟ್ಟು ಚೌಕಟ್ಟಿಗೂ ಒಂಟಿ ಚುಕ್ಕೆಗಳೆಷ್ಟು, ಗುಂಪುಗಳೆಷ್ಟು ಎಂದು ಎಣಿಸಿ ನಕ್ಷೆ ಬರೆಯುವುದು. ಆ ರೇಖೆಯನ್ನು ಹಿಂದಕ್ಕೆ, ಸೊನ್ನೆ ಡೋಸ್‌ನತ್ತ ಎಳೆದರೆ ಕಿರಣ ಮುಟ್ಟುವ ಮೊದಲು ವಸ್ತು ಹೇಗಿತ್ತೆಂಬ ಅಂದಾಜು ಸಿಗುತ್ತದೆ. ದುಬಾರಿ ಉಪಕರಣವೇನೂ ಬೇಡದ, ತಾಳ್ಮೆಯೊಂದೇ ಬೇಕಾದ ಈ ಪರೀಕ್ಷೆಯನ್ನು ಪ್ರತಿ ಹೊಸ ವಸ್ತುವಿಗೂ ಮಾಡುವುದು ಕಡ್ಡಾಯವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ದೋಷ ತಿದ್ದಿದ ಸೂಕ್ಷ್ಮದರ್ಶಕಗಳಿವೆ. ಇಂಥ ಯಂತ್ರದ ಮುಂದೆ ಮೊದಲ ಬಾರಿ ಕೂರುವ ವಿದ್ಯಾರ್ಥಿಗೆ ಮಸೂರ ಹೊಂದಿಸುವುದನ್ನು ಕಲಿಸುವ ದಿನವೇ ಡೋಸ್ ಲೆಕ್ಕ ಹಾಕುವುದನ್ನೂ ಕಲಿಸಬೇಕು. ವೋಲ್ಟೇಜ್, ಕಿರಣದ ವಿದ್ಯುತ್ತು, ಬಿಂದುವಿಗೆ ಕೊಟ್ಟ ಸಮಯ, ಬಿಂದುಗಳ ಅಂತರ, ಒಟ್ಟು ಡೋಸ್ ಈ ಐದನ್ನೂ ಚಿತ್ರದ ಅಡಿಯಲ್ಲಿ ಬರೆದರೆ ಓದುಗ ತಾನೇ ತೂಗಿ ನೋಡಬಲ್ಲ. ಬರೆಯದಿದ್ದರೆ ಆತ ನಂಬಬೇಕಷ್ಟೇ, ವಿಜ್ಞಾನ ನಂಬಿಕೆಯ ಮೇಲೆ ನಡೆಯಬಾರದು.

ಮತ್ತೆ ಆ ಮೂರು ಚೌಕಟ್ಟುಗಳಿಗೆ ಬರೋಣ. ಮೂರನೆಯದು ಹೆಚ್ಚು ಸ್ಪಷ್ಟ, ಏಕೆಂದರೆ ಆ ಹೊತ್ತಿಗೆ ಫೋಕಸ್ ಹದಕ್ಕೆ ಬಂದಿದೆ. ಮೊದಲನೆಯದು ಮಬ್ಬು, ಗದ್ದಲದಿಂದ ತುಂಬಿದ್ದು. ಪತ್ರಿಕೆಗೆ ಕಳಿಸುವಾಗ ಕೈ ತಾನಾಗಿ ಮೂರನೆಯದರತ್ತ ಹೋಗುತ್ತದೆ. ಆದರೆ ವಸ್ತುವಿಗೆ ಹತ್ತಿರವಿರುವುದು ಮೊದಲನೆಯದು. ಚುಕ್ಕೆಗಳ ಸುತ್ತ ಮರಳು ಚೆಲ್ಲಿದಂತೆ ಕಾಣುವ ಆ ಚೌಕಟ್ಟನ್ನು ಅಳಿಸದೆ ಉಳಿಸಿ, ಅದರ ಡೋಸ್ ಬರೆದು, ಮೂರನೆಯದರ ಪಕ್ಕದಲ್ಲೇ ಅಚ್ಚು ಹಾಕಬೇಕು.